ಹುಲಿಯ ಮೂಗಿಗೆ ಬಡಿದ ವಾಸನೆ: ಮಲೇಷ್ಯಾದ ಸಣ್ಣಕಥೆಯಲ್ಲಿ ಪಾತ್ರ ಮತ್ತು ಆಶಯ ಗುರುತಿಸುವ ಬಗೆ

"ಅಸ್ಮಿತೆಯ ಹುಡುಕಾಟ", "ಬೇರುಗಳ ತುಡಿತ", "ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ". ಮಲೇಷ್ಯಾದ ಕಥೆಗಳ ಮೇಲೆ ಬರೆಯುವವರ ಕೈಗೆ ಮೊದಲು ಸಿಗುವ ಮಾತುಗಳು ಇವು. ಸುಳ್ಳೇನಲ್ಲ. ಆದರೆ ಕಥೆ ಓದದೆಯೂ ಇವನ್ನು ಬರೆಯಬಹುದು, ಅದೇ ತೊಂದರೆ. ಆಶಯವನ್ನು ಮೊದಲೇ ಹೆಸರಿಟ್ಟು ಕರೆದರೆ ಪಾತ್ರಗಳು ಅದಕ್ಕೆ ಉದಾಹರಣೆಗಳಾಗಿ ಉಳಿಯುತ್ತವೆ. ಕೆಲಸ ಉಲ್ಟಾ ಸಾಗಬೇಕು: ಪಾತ್ರ ಏನನ್ನು ಬಯಸುತ್ತದೆ, ಯಾವುದು ಅಡ್ಡ ನಿಲ್ಲುತ್ತದೆ ಎಂದು ಮೊದಲು ನೋಡಬೇಕು. ಆ ತಿಕ್ಕಾಟದಿಂದ ಆಶಯ ತಾನಾಗಿ ಹೊರಬರುತ್ತದೆ.

ಇಲ್ಲಿ ಅಭ್ಯಾಸಕ್ಕೆ ತೆಗೆದುಕೊಂಡಿರುವುದು ಕೆ.ಎಸ್. ಮಣಿಯಂ ಅವರ "ಹಾಂಟಿಂಗ್ ದ ಟೈಗರ್". ಮಣಿಯಂ ಹುಟ್ಟಿದ್ದು 1942ರಲ್ಲಿ, ಕೆಡಾ ರಾಜ್ಯದ ಬೆಡೊಂಗ್‌ನಲ್ಲಿ, ತೀರಿಕೊಂಡದ್ದು 2020ರಲ್ಲಿ. ತಮಿಳು ಮನೆಮಾತಿನ ಕುಟುಂಬ, ಬರೆದದ್ದು ಇಂಗ್ಲಿಷಿನಲ್ಲಿ. ದಕ್ಷಿಣ ಏಷ್ಯಾದಿಂದ ಹೊರಹೋದವರ ಸಾಹಿತ್ಯಕ್ಕೆಂದು ನಮ್ಮ ಹಾಸನದಲ್ಲಿ ಹುಟ್ಟಿದ ಇಂಗ್ಲಿಷ್ ಕಾದಂಬರಿಕಾರ ರಾಜಾ ರಾವ್ ಹೆಸರಿನಲ್ಲಿ 2000ದಲ್ಲಿ ಆರಂಭವಾದ ಪ್ರಶಸ್ತಿ ಮೊದಲು ಸಂದದ್ದು ಇವರಿಗೇ. ಕಥೆ ಇದೇ ಹೆಸರಿನ ಸಂಕಲನದಲ್ಲಿದೆ. ಸಂಕಲನ 1996ರಲ್ಲಿ ಲಂಡನ್ನಿನಿಂದ ಬಂತು.

ಕಥೆಯ ಎಲುಬು ಇಷ್ಟು: ಮುತ್ತು ಎಂಬ ಮುದುಕ ಸಾವಿನ ಹಾಸಿಗೆಯಲ್ಲಿದ್ದಾನೆ. ನೆನಪು ಅವನನ್ನು ಯೌವನಕ್ಕೆ ಒಯ್ಯುತ್ತದೆ. ವಲಸೆ ಬಂದವರ ಮಗನಾದ ಅವನಿಗೆ ಈ ನೆಲದವನೇ ಆಗಿಬಿಡುವ ಹಂಬಲ. ಬಣ್ಣ ಬದಲಿಸುವ ಗೋಸುಂಬೆ ಅವನ ಮನಸ್ಸನ್ನು ಸೆಳೆಯುತ್ತದೆ. ಮುಂದೆ ಜುಲ್ಕಿಫ್ಲಿ ಎಂಬ, ಆ ನೆಲದ ಮಲಯ್ ಜನಾಂಗದ ಬೇಟೆಗಾರನ ಜೊತೆ ಹುಲಿಯ ಬೆನ್ನು ಹತ್ತುತ್ತಾನೆ. ಹುಲಿ ಕಾಣಿಸಿಕೊಳ್ಳುವುದಿಲ್ಲ. ಅದರ ಮೂಗಿಗೆ ಹೊರಗಿನ ವಾಸನೆ ಬಡಿಯುತ್ತಿದೆ, ಅದು ಹೋಗುವ ತನಕ ಹುಲಿ ಎದುರಿಗೆ ಬಾರದು ಎಂಬುದು ಜುಲ್ಕಿಫ್ಲಿ ಕೊಡುವ ಕಾರಣ.

ಮೊದಲ ಓದು: ಪೆನ್ಸಿಲ್ ಬೇಡ

ಒಂದೇ ಕೂತಿಗೆ ಓದಿ ಮುಗಿಸಿ. ಅಡಿಗೆರೆ, ನಿಘಂಟು, ಮೊಬೈಲ್ ಮೂರೂ ಬೇಡ. ಮುಗಿದ ತಕ್ಷಣ ಪುಸ್ತಕ ಮುಚ್ಚಿ ಒಂದೇ ವಾಕ್ಯ ಬರೆಯಿರಿ: "ಇಂಥವನಿಗೆ ಇಂಥದು ಬೇಕು, ಆದರೆ ಇಂಥದು ತಡೆಯುತ್ತದೆ." ಮುತ್ತುವಿಗೆ: "ಈ ನೆಲ ತನ್ನನ್ನು ತನ್ನವನೆಂದು ಒಪ್ಪಬೇಕು; ಆದರೆ ಅವನ ಮೈಮನಸ್ಸಿಗೆ ಅಂಟಿದ ವಾಸನೆ ತಡೆಯುತ್ತದೆ."

ಇದನ್ನು ಎರಡು ವಾಕ್ಯ ಮಾಡಲು ಹೋಗಬೇಡಿ. ವಾಕ್ಯ ಉದ್ದವಾದರೆ ಕಥಾಸಾರಾಂಶ ನುಸುಳಿತೆಂದು ಅರ್ಥ. ಬೇಕು ಎನ್ನುವ ಜಾಗದಲ್ಲಿ "ಶಾಂತಿ", "ಸ್ವಾತಂತ್ರ್ಯ" ಥರದ ಗಾಳಿಮಾತು ಬಂದರೂ ಅಳಿಸಿ. ಕೈಯಿಂದ ಮುಟ್ಟಬಹುದಾದದ್ದು, ಕಣ್ಣಿಂದ ನೋಡಬಹುದಾದದ್ದು ಯಾವುದು? ಈ ಕಥೆಯಲ್ಲಿ ಅದು ಹುಲಿ.

ಎರಡನೆಯ ಓದು ಮರುದಿನ. ಆಗ ಪೆನ್ಸಿಲ್ ಹಿಡಿಯಿರಿ.

ಹೆಸರು, ಕರೆಯುವ ರೀತಿ: ಮೊದಲ ಸುಳಿವು ಇಲ್ಲಿರುತ್ತದೆ

ಮಲೇಷ್ಯಾದ ಕಥೆಗಾರ ಪಾತ್ರದ ಜನಾಂಗ, ಧರ್ಮ, ಮನೆಮಾತು ಇವನ್ನೆಲ್ಲ ವಿವರಿಸುತ್ತ ಕೂರುವುದಿಲ್ಲ. ಅಲ್ಲಿನ ಓದುಗನಿಗೆ ಹೆಸರೇ ಸಾಕು. ನಮಗೆ ಸಾಲದು, ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ.

ಮಲಯ್ ಹೆಸರಿಗೆ ಮನೆತನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. "ಬಿನ್" ಎಂದರೆ ಮಗ, "ಬಿಂತಿ" ಎಂದರೆ ಮಗಳು. ಅದರ ನಂತರ ಬರುವುದು ಅಪ್ಪನ ಹೆಸರು. ಅಪ್ಪನ ಹೆಸರನ್ನೇ ಅಡ್ಡಹೆಸರೆಂದು ತಿಳಿದು ಟಿಪ್ಪಣಿಯ ತುಂಬ ಪಾತ್ರವನ್ನು ಅದರಿಂದಲೇ ಕರೆಯುವವರಿದ್ದಾರೆ. ಇಡೀ ಬರಹ ಅಪ್ಪನ ಮೇಲೆ ಆಗಿಬಿಡುತ್ತದೆ! ಚೀನೀ ಹೆಸರಿನಲ್ಲಿ ಮನೆತನ ಮೊದಲು ಬರುತ್ತದೆ. ಒಂದೇ ಅಕ್ಷರವನ್ನು ಹೊಕ್ಕಿಯೆನ್ ಮಾತಿನವರು "ಟಾನ್" ಎಂದೂ ಕ್ಯಾಂಟನೀಸರು "ಚಾನ್" ಎಂದೂ ಹೇಳುತ್ತಾರೆ. ಹೀಗೆ ಹೆಸರೇ ಒಳಪಂಗಡವನ್ನೂ ತಿಳಿಸಬಲ್ಲದು. ತಮಿಳರ ಹೆಸರಿನ ಮುಂದೆ ನಮ್ಮಂತೆಯೇ ಇನಿಷಿಯಲ್. ಸರಕಾರಿ ಕಾಗದದಲ್ಲಿ ಮಾತ್ರ ಎ/ಎಲ್, ಎ/ಪಿ. ಇವು "ಅನಾಕ್ ಲೆಲಾಕಿ" ಅಂದರೆ ಮಗ, "ಅನಾಕ್ ಪೆರೆಂಪುವಾನ್" ಅಂದರೆ ಮಗಳು ಎಂಬುದರ ಗಿಡ್ಡ ರೂಪಗಳು. ಕಥೆಯಲ್ಲಿ ಪಾತ್ರದ ಹೆಸರು ಎ/ಎಲ್ ಸಮೇತ ಬಂದರೆ ನಿಂತು ನೋಡಿ. ಅಲ್ಲಿ ಸರಕಾರವೋ ಪೊಲೀಸೋ ಆಸ್ಪತ್ರೆಯೋ ಮಾತಾಡುತ್ತಿದೆ, ಮನೆಯವರಲ್ಲ.

ಕರೆಯುವ ಪದಗಳೂ ಹೀಗೆಯೇ. "ಪಾಕ್ ಚಿಕ್" ಎಂದರೆ ಚಿಕ್ಕಪ್ಪನ ವಯಸ್ಸಿನವರಿಗೆ, "ಮಾಕ್ ಚಿಕ್" ಎಂದರೆ ಚಿಕ್ಕಮ್ಮನ ವಯಸ್ಸಿನವರಿಗೆ. "ಡತುಕ್" ಒಂದು ಬಿರುದು. ಅವನ ಹೆಂಡತಿ "ಡತಿನ್". ಬರೀ ಡತಿನ್ ಎಂದೇ ಕರೆಸಿಕೊಳ್ಳುವ ಹೆಂಗಸಿನ ಪಾತ್ರ ಬಂದರೆ, ಆಕೆಯ ಸ್ಥಾನ ಗಂಡನ ಬಿರುದಿನಿಂದ ಬಂದದ್ದು ಎಂಬ ಸೂಚನೆ ಆಗಲೇ ಸಿಕ್ಕಿತು. ರಬ್ಬರ್ ತೋಟದ ಕಥೆಯಲ್ಲಿ ತಮಿಳು ಕೂಲಿಗಳು ತೋಟದ ಧಣಿಯನ್ನು "ದೊರೈ" ಎನ್ನುತ್ತಾರೆ. ಅದು ನಮ್ಮ ದೊರೆಯೇ, ಗೊತ್ತಾಗುತ್ತದೆ. ಆದರೆ "ಕಿರಾಣಿ" ಬಂದಾಗ ಎಚ್ಚರ. ಅದು ದಿನಸಿ ಅಂಗಡಿಯಲ್ಲ, ತೋಟದ ಗುಮಾಸ್ತ. ಹಾಜರಿ ಪುಸ್ತಕ ಅವನ ಕೈಯಲ್ಲಿ. ಕೂಲಿಗಿಂತ ಮೇಲೆ, ದೊರೈಗಿಂತ ಬಹಳ ಕೆಳಗೆ. "ಕಂಗಾಣಿ" ಎಂದರೆ ಆಳುಗಳನ್ನು ಊರಿಂದ ಕರೆತಂದು ಕೆಲಸ ಮಾಡಿಸುವವನು, ನಮ್ಮ ಕಾಫಿ ಸೀಮೆಯ ಮೇಸ್ತ್ರಿಗೆ ಹತ್ತಿರ. ಕೂಲಿಗಳ ಸಾಲುಮನೆಗೆ ಕೊಡಗಿನವರು ಹೇಳುವ "ಲೈನ್ ಮನೆ" ಎಂಬ ಮಾತೇ ಸರಿಹೊಂದುತ್ತದೆ. ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಕೊಡಗಿನ ಲೈನ್ ಮನೆಯ ಬಹುತೇಕರಿಗೆ "ನೀನು ಈ ದೇಶದವನೇ?" ಎಂಬ ಪ್ರಶ್ನೆ ಎದುರಾಗುವುದಿಲ್ಲ. ಮಲೇಷ್ಯಾದ ತೋಟದ ಕಥೆಗಳಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಮಣಿಯಂ ಕಥೆಗೆ ಬಂದರೆ, ಮುತ್ತು ಮತ್ತು ಜುಲ್ಕಿಫ್ಲಿ ಎಂಬ ಎರಡು ಹೆಸರು ಅಕ್ಕಪಕ್ಕ ಬಂದ ಕ್ಷಣವೇ ಅಲ್ಲಿನ ಓದುಗನಿಗೆ ಯಾರು "ಬಂದವನು", ಯಾರು "ಇದ್ದವನು" ಎಂಬುದು ಕೇಳಿಸಿಬಿಡುತ್ತದೆ.

ನಾಲ್ಕು ಇಸವಿ ಅಂಚಿನಲ್ಲಿರಲಿ

ಚರಿತ್ರೆಯ ಪಾಠ ಬೇಡ, ನಾಲ್ಕು ಗೆರೆ ಸಾಕು. 1948ರಿಂದ 1960: ಕಮ್ಯುನಿಸ್ಟ್ ಬಂಡಾಯದ ಕಾಲದ ತುರ್ತುಸ್ಥಿತಿ, ಲಕ್ಷಾಂತರ ಚೀನೀಯರನ್ನು ಮುಳ್ಳುತಂತಿಯ "ಹೊಸ ಹಳ್ಳಿ"ಗಳಿಗೆ ಸಾಗಿಸಿದರು. 31 ಆಗಸ್ಟ್ 1957: ಮಲಯಾಕ್ಕೆ ಸ್ವಾತಂತ್ರ್ಯ. 13 ಮೇ 1969: ಕೌಲಾಲಂಪುರದಲ್ಲಿ ಜನಾಂಗೀಯ ಗಲಭೆ. 1971: ಮಲಯರಿಗೂ ಇತರ ಮೂಲನಿವಾಸಿಗಳಿಗೂ ಆದ್ಯತೆ ಕೊಡುವ ಹೊಸ ಆರ್ಥಿಕ ನೀತಿ. ಅದೇ ವರ್ಷದ ಸಾಂಸ್ಕೃತಿಕ ಸಮ್ಮೇಳನದಲ್ಲಿ, ರಾಷ್ಟ್ರೀಯ ಸಂಸ್ಕೃತಿಗೆ ಈ ಪ್ರದೇಶದ ಮೂಲ ಸಂಸ್ಕೃತಿಯೇ ಬುನಾದಿ, ಬೇರೆಯವರದ್ದರಲ್ಲಿ ಹೊಂದುವುದನ್ನು ಮಾತ್ರ ಸೇರಿಸಿಕೊಳ್ಳಬಹುದು, ಇಸ್ಲಾಂ ಮುಖ್ಯ ಅಂಗ ಎಂಬ ಮೂರು ತತ್ವಗಳು ರೂಪುಗೊಂಡವು. ಮಲಯ್ ಭಾಷೆಯ ಬರಹ "ರಾಷ್ಟ್ರೀಯ ಸಾಹಿತ್ಯ" ಎನಿಸಿತು. ಇಂಗ್ಲಿಷ್, ತಮಿಳು, ಚೀನೀ ಬರಹಗಳು "ಪಂಗಡದ ಸಾಹಿತ್ಯ"ದ ಸಾಲಿಗೆ ಸರಿದವು.

ಈಗ ಜುಲ್ಕಿಫ್ಲಿಯ ವಾಸನೆಯ ಮಾತನ್ನು ಮತ್ತೊಮ್ಮೆ ಕೇಳಿ. ಕಾಡಿನ ಅನುಭವದ ಮಾತು ಎನಿಸಿದ್ದು ಈಗ ಬೇರೆ ಕಡೆಯಿಂದಲೂ ಬಂದ ಹಾಗಿದೆ. ನಿನ್ನದರಲ್ಲಿ ಹೊಂದದ್ದನ್ನು ಕಳಚಿಟ್ಟು ಬಾ ಎಂದು ಯಾರು ಯಾರಿಗೆ ಹೇಳುತ್ತಿದ್ದಾರೆ?

ಇಲ್ಲಿ ಒಂದು ತಪ್ಪು ತಪ್ಪದೆ ಆಗುತ್ತದೆ: ಜುಲ್ಕಿಫ್ಲಿಯನ್ನು ಸರಕಾರದ ವಕ್ತಾರನನ್ನಾಗಿ ಮಾಡಿಬಿಡುವುದು. ಅವನಿಗೆ ಅಧಿಕಾರ ಬಂದಿರುವುದು ಕುರ್ಚಿಯಿಂದಲ್ಲ, ಕಾಡನ್ನು ಬಲ್ಲವನು ಎಂಬುದರಿಂದ. ಮುತ್ತುವನ್ನು ಓಡಿಸುವುದೂ ಇಲ್ಲ, ಜೊತೆಗೆ ಕರೆದೊಯ್ಯುತ್ತಾನೆ. ಕಲಿಸುವವನೂ ಅವನೇ, ತಡೆಗೋಡೆಯೂ ಅವನೇ. ಚರಿತ್ರೆ ಗೊತ್ತಿರಬೇಕು, ಆದರೆ ಪಾತ್ರದ ಮೇಲೆ ಅದನ್ನು ಹೇರಬಾರದು. ಟಿಪ್ಪಣಿಯಲ್ಲಿ ಹಿನ್ನೆಲೆ ಮೂರು ವಾಕ್ಯ ದಾಟಿದರೆ ಕತ್ತರಿಸಿ.

ಪಾತ್ರಚಿತ್ರಣ: ನಾಲ್ಕು ಕಾಲಂ

ನೋಟ್‌ಬುಕ್ಕಿನ ಪುಟವನ್ನು ಅಡ್ಡ ಹಿಡಿದು ನಾಲ್ಕು ಕಾಲಂ ಎಳೆಯಿರಿ: ಆಡಿದ್ದು, ಮಾಡಿದ್ದು, ಬೇರೆಯವರು ಅವನ ಬಗ್ಗೆ ಹೇಳಿದ್ದು, ಬಾಯಿಬಿಡದೆ ಉಳಿಸಿಕೊಂಡದ್ದು. ಒಂದೊಂದು ಮುಖ್ಯ ಪಾತ್ರಕ್ಕೆ ಒಂದೊಂದು ಪುಟ. ಪ್ರತಿ ನಮೂದಿಗೆ ಪುಟಸಂಖ್ಯೆ ಕಡ್ಡಾಯ. ಬರೆಯುವಾಗ ಹುಡುಕಾಡಿ ಸೋಲುವುದು ಅದಿಲ್ಲದ್ದರಿಂದಲೇ. "ಒಳ್ಳೆಯವನು", "ಮುಗ್ಧ" ಎಂಬ ಗುಣವಾಚಕ ಯಾವ ಕಾಲಂನಲ್ಲೂ ಬರಬಾರದು, ಅವು ಕೊನೆಗೆ ಬರುವ ತೀರ್ಮಾನಗಳು.

ನಾಲ್ಕನೆಯ ಕಾಲಂ ತುಂಬುವುದು ಕಷ್ಟ. ಅದಕ್ಕೆಂದೇ ರಬ್ಬರ್ ತೋಟದ ಹಿನ್ನೆಲೆಯಲ್ಲಿ ಕಟ್ಟಿದ ಐದಾರು ಸಾಲು ಇಲ್ಲಿವೆ:

"ಬೆಳಗಿನ ಜಾವ ಮಳೆ ಹಿಡಿಯಿತು. ಅಪ್ಪ ಕೈಗೆತ್ತಿಕೊಂಡ ಟ್ಯಾಪಿಂಗ್ ಕತ್ತಿಯನ್ನು ಮತ್ತೆ ಗೋಡೆಗೆ ಸಿಕ್ಕಿಸಿದ. ಅಮ್ಮ ಗಂಜಿಗೆ ಇನ್ನೊಂದು ಚೊಂಬು ನೀರು ಸುರಿದಳು. 'ಶಾಲೆಗೆ ಹಿಂದಿನ ದಾರೀಲಿ ಹೋಗು' ಎಂದಳು ನನಗೆ. ಅಂಗಡಿ ಇದ್ದದ್ದು ಮುಂದಿನ ದಾರಿಯಲ್ಲಿ."

ಸುಳ್ಯದ ಕಡೆಯ ರಬ್ಬರ್ ಬೆಳೆಗಾರರಿಗೆ ಮೊದಲ ಎರಡು ಸಾಲು ಒಡನೆ ಅರ್ಥವಾಗುತ್ತವೆ. ಮರ ಕೀಸುವುದು ತಂಪು ಹೊತ್ತಿನಲ್ಲಿ, ಆಗ ಹಾಲು ಚೆನ್ನಾಗಿ ಇಳಿಯುತ್ತದೆ. ತೊಗಟೆ ಒದ್ದೆಯಾದರೆ ಹಾಲು ಚಿಪ್ಪಿಗೆ ಬೀಳದೆ ಮಳೆನೀರಿನ ಜೊತೆ ಕಾಂಡದ ಮೇಲೆಲ್ಲ ಹರಿದುಹೋಗುತ್ತದೆ. ಮಳೆ ಬಂದ ದಿನ ಕೆಲಸವಿಲ್ಲ; ಕೆಲಸವಿಲ್ಲದ ದಿನದ ಕೂಲಿಯೂ ಇಲ್ಲ. ಇಷ್ಟು ತಿಳಿದಮೇಲೆ ಕಾಲಂಗಳು ತುಂಬುತ್ತವೆ. ಅಮ್ಮ ಮಾಡಿದ್ದು: ಗಂಜಿ ತೆಳ್ಳಗೆ ಮಾಡಿದಳು. ಆಡಿದ್ದು: ದಾರಿ ಬದಲಿಸು. ಉಳಿಸಿಕೊಂಡದ್ದು: ಅಂಗಡಿಯವನಿಗೆ ಸಾಲವಿದೆ, ಅವನು ಮಗುವಿನ ಎದುರು ಕೇಳಿಯಾನು ಎಂಬ ಅಳುಕು. "ಬಡತನ" ಎಂಬ ಪದ ಎಲ್ಲೂ ಬಂದಿಲ್ಲ. ಮಳೆ ಬರೀ ಮಳೆ ಎಂದುಕೊಂಡು ಓದಿದವರು ಇದನ್ನು "ಸುಂದರ ನಿಸರ್ಗ ವರ್ಣನೆಯಿಂದ ಕಥೆ ಆರಂಭವಾಗುತ್ತದೆ" ಎಂದು ಬರೆಯುತ್ತಾರೆ.

ಮಾತಿನ ಧಾಟಿಯನ್ನೂ ಆಡಿದ್ದರ ಕಾಲಂನಲ್ಲೇ ಗುರುತು ಹಾಕಿ. ಮಣಿಯಂ ಅವರ "ರತ್ನಮುನಿ" ಕಥೆಯ ನಿರೂಪಕ ವಲಸೆ ಬಂದ ಮುನಿಯಾಂಡಿ. ಅವನ ಇಂಗ್ಲಿಷ್ ತಮಿಳಿನ ಓಟದಲ್ಲಿ ಮುಗ್ಗರಿಸುತ್ತ ಸಾಗುತ್ತದೆ. ಅದನ್ನು ತಪ್ಪು ಇಂಗ್ಲಿಷ್ ಎಂದು ದಾಟಿಹೋದರೆ ಪಾತ್ರದ ಅರ್ಧ ಭಾಗ ಬಿಟ್ಟಂತೆ. ಕನ್ನಡದಲ್ಲಿ ಇಂಥ ಮಾತನ್ನು ಉಲ್ಲೇಖಿಸುವಾಗ ಶಿಷ್ಟ ಕನ್ನಡಕ್ಕೆ ಇಳಿಸಿ ನಯ ಮಾಡಬೇಡಿ.

ಮುತ್ತುವಿನ ಪುಟ ಮಾಡುವಾಗ ಒಂದು ತೊಡಕಿದೆ: ಇಲ್ಲಿ ಮುತ್ತು ಇಬ್ಬರು. ಹಾಸಿಗೆ ಹಿಡಿದ ಮುದುಕ ನೆನೆಯುವವನು. ಕಾಡಿಗೆ ನುಗ್ಗಿದ ತರುಣ ನೆನಪಿನೊಳಗಿನವನು. ಪುಟವನ್ನು ಅಡ್ಡಕ್ಕೆ ಎರಡು ಭಾಗ ಮಾಡಿ. ತರುಣನ ಆತುರವನ್ನು ಮುದುಕನ ಸೋಲಿನ ಜೊತೆ ಒಂದೇ ಕಾಲಂನಲ್ಲಿ ಬೆರೆಸಿದರೆ, "ಮುತ್ತು ನಿರಾಶಾವಾದಿ" ಎಂಬ ಪೊಳ್ಳು ವಾಕ್ಯ ಹುಟ್ಟುತ್ತದೆ. ಕಾಡಿಗೆ ಹೋದ ಹುಡುಗ ನಿರಾಶಾವಾದಿಯಲ್ಲ. ಅವನ ತೊಂದರೆ ಬೇರೆ: ನೆಲ ತನ್ನನ್ನು ಒಪ್ಪಿಕೊಳ್ಳಲಿ ಎಂದು ಬಯಸುವವನು ಬೇಟೆಗಾರನಾಗಿ ಹೊರಡುತ್ತಾನೆ. ಯಾವುದರೊಳಗೆ ಒಂದಾಗಬೇಕೋ ಅದನ್ನೇ ಕೊಲ್ಲಲು ಹೋಗುವುದು. ಕಥೆಯ ಗಂಟು ಇಲ್ಲಿದೆ.

ಜುಲ್ಕಿಫ್ಲಿಯ ಪುಟದಲ್ಲಿ ನಾಲ್ಕನೆಯ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿಯುತ್ತದೆ. ನಿಮ್ಮ ಓದಿನ ತಪ್ಪಲ್ಲ ಅದು. ಅವನನ್ನು ನಾವು ಕಾಣುವುದು ಮುತ್ತುವಿಗೆ ಅವನಿಂದ ಏನು ಬೇಕೋ ಅಷ್ಟರ ಮಟ್ಟಿಗೆ. ಅವನ ಒಳಗಿನ ಅನುಮಾನ, ಅವನದೇ ನಷ್ಟ ನಮಗೆ ದಕ್ಕುವುದಿಲ್ಲ. ಕಥೆಯ ಮಿತಿ ಎಂದು ಇದನ್ನು ಧೈರ್ಯವಾಗಿ ಬರೆಯಬಹುದು. ಹೊರಗಿನವನ ಕಣ್ಣಿಗೆ ಒಳಗಿನವನು ಯಾವಾಗಲೂ ಹೀಗೆ ಸಂಶಯವಿಲ್ಲದವನಂತೆಯೇ ಕಾಣುತ್ತಾನೆ ಎಂದು ವಾದಿಸಿ ಸಮರ್ಥಿಸಿಕೊಳ್ಳಲೂಬಹುದು. ಎರಡರಲ್ಲಿ ಒಂದನ್ನು ಹಿಡಿಯಿರಿ. ಎರಡೂ ಹೌದು ಎನ್ನುವುದು ಜಾರಿಕೊಳ್ಳುವ ದಾರಿ.

ಗೋಸುಂಬೆ ಬೈಗುಳವಲ್ಲ, ಹುಲಿ ಪುಣ್ಯಕೋಟಿಯದ್ದಲ್ಲ

ಕನ್ನಡದವರು ಎಡವುವುದು ಇಲ್ಲಿ. ನಮ್ಮಲ್ಲಿ ಗೋಸುಂಬೆ ಎಂದರೆ ಪಕ್ಷ ಬದಲಿಸುವವನು, ಊಸರವಳ್ಳಿ ಎಂದರೆ ನಂಬಿಕೆಗೆ ಯೋಗ್ಯನಲ್ಲದವನು. ಚುನಾವಣೆ ಬಂದರೆ ಪತ್ರಿಕೆಗಳ ತುಂಬ ಇದೇ ಪ್ರಾಣಿ. ಈ ಕನ್ನಡಕ ಹಾಕಿಕೊಂಡು ಓದಿದರೆ ಗೋಸುಂಬೆಗೆ ಮನಸೋತ ಮುತ್ತು ಸಮಯಸಾಧಕನಾಗುತ್ತಾನೆ, ಕಥೆ ತಲೆಕೆಳಗಾಗುತ್ತದೆ.

ಮಣಿಯಂ ತಮ್ಮ ಪ್ರಬಂಧವೊಂದರಲ್ಲಿ ಹುಲಿಯ ದಾರಿ, ಗೋಸುಂಬೆಯ ದಾರಿ ಎಂದು ಎರಡನ್ನು ಬೇರೆಬೇರೆಯಾಗಿಯೇ ಚರ್ಚಿಸಿದ್ದಾರೆ. ಒಂದು ನೆಲ, ಒಂದು ಸಂಸ್ಕೃತಿ, ಅದರೊಳಗೇ ಪೂರ್ತಿ ಕರಗುವುದು ಹುಲಿಯ ದಾರಿ. ಹಲವು ಸಂಸ್ಕೃತಿಗಳ ನಡುವೆ ಒಂದಕ್ಕೇ ಕಟ್ಟುಬೀಳದೆ ಎಲ್ಲದರಲ್ಲೂ ಬದುಕುವುದು ಗೋಸುಂಬೆಯದು. ಅವರ ಒಲವು ಈ ಕಡೆಗೆ. ಆದರೆ ಲೇಖಕನ ಪ್ರಬಂಧವನ್ನು ಕಥೆಯ ಕೀಲಿಕೈ ಮಾಡಿಕೊಳ್ಳಬೇಡಿ. ಮೊದಲು ಕಥೆಯೊಳಗೆ ಪ್ರತಿಮೆ ಬಂದ ಜಾಗಗಳನ್ನು ಗುರುತು ಹಾಕಿ: ಎಷ್ಟು ಸಲ ಬಂತು, ಯಾವಾಗ ಬಂತು, ಬಂದಾಗ ಮುತ್ತುವಿನ ಮೈಗೆ ಏನಾಯಿತು. ಪ್ರಬಂಧವನ್ನು ಆಮೇಲೆ ಪಕ್ಕದಲ್ಲಿಟ್ಟು ಹೋಲಿಸಿ. ಕಥೆ ಪ್ರಬಂಧಕ್ಕಿಂತ ಹೆಚ್ಚು ಗೊಂದಲದ್ದು. ಅದೇ ಅದರ ಮೇಲ್ಮೆ.

ಚಿಕ್ಕದೊಂದು ಸಂಗತಿ: ನಿಜವಾದ ಗೋಸುಂಬೆ ಮಲೇಷ್ಯಾದ ಕಾಡುಗಳಲ್ಲಿ ಇಲ್ಲ. ಅಲ್ಲಿ ಬಣ್ಣ ಬದಲಿಸುವುದು "ಸುಂಪಾ-ಸುಂಪಾ" ಎಂಬ ಹಲ್ಲಿ, ನಮ್ಮ ಓತಿಕ್ಯಾತದ ಬಳಗದ್ದು. ಹಾಗೆಂದು ಓತಿಕ್ಯಾತ ಎಂದು ಬರೆದರೆ ಬಣ್ಣದ ಸೂಚನೆಯೇ ಹೋಗುತ್ತದೆ. ಗೋಸುಂಬೆ ಎಂದೇ ಉಳಿಸಿಕೊಂಡು, ನಮ್ಮ ಬೈಗುಳದ ಅರ್ಥ ಇಲ್ಲಿ ಬೇಡ ಎಂದು ಒಂದು ವಾಕ್ಯ ಸೇರಿಸುವುದು ಲೇಸು.

ಹುಲಿಯ ವಿಷಯದಲ್ಲಿ ಇನ್ನೊಂದು ಬಲೆ. ನಮ್ಮ ಮನಸ್ಸಿನ ಹುಲಿ ಪಶ್ಚಾತ್ತಾಪ ಪಡುತ್ತದೆ, ಗೋವಿನ ಸತ್ಯಕ್ಕೆ ಸೋತು ಪ್ರಾಣ ಬಿಡುತ್ತದೆ. ಮಲಯ್ ಹುಲಿ ಹಾಗಲ್ಲ. ಮಲೇಷ್ಯಾದ ರಾಜಲಾಂಛನವನ್ನು ಎತ್ತಿ ಹಿಡಿದಿರುವುದು ಎರಡು ಹುಲಿಗಳು. ದೇಶದ ಫುಟ್‌ಬಾಲ್ ತಂಡದ ಅಡ್ಡಹೆಸರು "ಹರಿಮಾವ್ ಮಲಯಾ", ಅಂದರೆ ಮಲಯಾದ ಹುಲಿ. ಕಾಡಂಚಿನ ಹಳ್ಳಿಗರು ಹುಲಿಯ ಹೆಸರೆತ್ತದೆ "ಪಾಕ್ ಬೆಲಾಂಗ್" ಎನ್ನುವುದುಂಟು, ಪಟ್ಟೆಪಟ್ಟೆಯ ಹಿರಿಯ ಎಂದು. ನೆಲವೂ ಹಿರಿತನವೂ ದೇಶವೂ ಒಟ್ಟಿಗೆ ಸೇರಿದ ಪ್ರಾಣಿ ಮುತ್ತುವಿಗೆ ಮುಖ ತೋರಿಸುತ್ತಿಲ್ಲ.

ಮೂರನೆಯ ಪ್ರತಿಮೆ ವಾಸನೆ. ಇದನ್ನು ಬಿಡಿಸುವಾಗ ಅವಸರ ಬೇಡ. ಬಟ್ಟೆ ಬದಲಿಸಬಹುದು, ಭಾಷೆ ಕಲಿಯಬಹುದು. ವಾಸನೆ ಮಾತ್ರ ಇರುವವನಿಗೆ ಗೊತ್ತಾಗುವುದಿಲ್ಲ, ಎದುರಿನವನಿಗಷ್ಟೇ ಗೊತ್ತಾಗುತ್ತದೆ. ಪರಕೀಯತೆಯನ್ನು ಕಣ್ಣಿಗೆ ಬೀಳುವ ಯಾವುದರಲ್ಲೂ ಇಡದೆ ವಾಸನೆಯಲ್ಲಿಟ್ಟದ್ದು ಕಥೆಗಾರನ ಜಾಣ್ಮೆ. ಕನ್ನಡಕ್ಕೆ ಇಲ್ಲೊಂದು ಲಾಭವೂ ಇದೆ: ಪೂರ್ವಸಂಸ್ಕಾರಕ್ಕೆ ನಾವು "ವಾಸನೆ" ಎಂದೇ ಅನ್ನುತ್ತೇವೆ. ಪೂರ್ವಜನ್ಮದ ವಾಸನೆ ಎಂಬ ಮಾತು ತಿಳಿದವರಿಗೆ, ಮುತ್ತು ಬಿಡಿಸಿಕೊಳ್ಳಲಾಗದ್ದು ಏನೆಂದು ಯಾರೂ ವಿವರಿಸಬೇಕಿಲ್ಲ.

ಆಶಯವನ್ನು ವಾಕ್ಯವಾಗಿ ಬರೆಯುವುದು

ವಸ್ತು ಬೇರೆ, ಆಶಯ ಬೇರೆ. "ವಲಸಿಗರ ಬದುಕು" ವಸ್ತು. ಆಶಯಕ್ಕೆ ಕ್ರಿಯಾಪದ ಬೇಕು, ಅದು ಏನನ್ನಾದರೂ ಹೇಳಬೇಕು. ಒಂದು ವಾಕ್ಯ ನೋಡಿ: "ಒಂದು ನೆಲಕ್ಕೆ ಸೇರಿಕೊಳ್ಳಲು ತನ್ನನ್ನು ಪೂರ್ತಿ ಕಳಚಬೇಕೆಂದು ನಂಬಿದವನು, ಕಳಚಲಾಗದೆ ಹೊರಗೂ ಒಳಗೂ ಅಲ್ಲದ ಜಾಗದಲ್ಲಿ ಉಳಿಯುತ್ತಾನೆ."

ಬರೆದ ವಾಕ್ಯಕ್ಕೆ ಎರಡು ಪರೀಕ್ಷೆ. ಮೊದಲನೆಯದು, ಅದನ್ನು ಬೇರೊಂದು ಕಥೆಗೆ ಅಂಟಿಸಿ ನೋಡಿ. ಏನೂ ಬದಲಿಸದೆ ಹೊಂದಿಕೊಂಡರೆ ಅದು ತೀರ ಅಗಲವಾಯಿತು. ಎರಡನೆಯದು, ವಾಕ್ಯವನ್ನು ಕಥೆಯ ಕೊನೆಯ ಪುಟದ ಪಕ್ಕದಲ್ಲಿಡಿ. ಮುತ್ತುವಿಗೆ ಕೊನೆಗೂ ನೆಮ್ಮದಿ ಸಿಕ್ಕಿತೆಂದು ನಿಮ್ಮ ವಾಕ್ಯ ಹೇಳುತ್ತಿದ್ದರೆ ಕಥೆಗಿಂತ ನಿಮಗೇ ಸಮಾಧಾನದ ಅವಸರ ಹೆಚ್ಚು. ವಾಕ್ಯ ಸೋತರೆ ಕಾಲಂಗಳಿಗೆ ವಾಪಸು ಹೋಗಿ, ಪುಟ ಸೋಸಿ ಬೇರೆ ವಾಕ್ಯ ಕಟ್ಟಿ. ಸಾಮಾನ್ಯವಾಗಿ ಮೂರನೆಯದೋ ನಾಲ್ಕನೆಯದೋ ನಿಲ್ಲುತ್ತದೆ.

ಬರೆಯುವಾಗಿನ ಅಳತೆ

ಸಾವಿರ ಪದದ ಲೇಖನವಾದರೆ: ಕಥೆಯ ಎಲುಬು 100, ಹಿನ್ನೆಲೆ 100, ಮುತ್ತು 300, ಜುಲ್ಕಿಫ್ಲಿ 150, ಪ್ರತಿಮೆಗಳು 200, ಆಶಯ 150. ಸಾರಾಂಶ 100 ದಾಟಿದರೆ ಅದನ್ನು ಸರಿದೂಗಿಸಲು ಪಾತ್ರದ ಭಾಗವೇ ಸೊರಗುತ್ತದೆ. ಉಲ್ಲೇಖ ಒಂದು ಸಾಲಿಗಿಂತ ಹೆಚ್ಚು ಬೇಡ. ಪ್ರತಿ ಉಲ್ಲೇಖದ ಬೆನ್ನಿಗೆ ಅದರ ಒಂದಾದರೂ ಪದವನ್ನು ಹಿಡಿದು ಎರಡು ವಾಕ್ಯ ಬರಬೇಕು. ಬರದಿದ್ದರೆ ಆ ಉಲ್ಲೇಖ ಅಲಂಕಾರಕ್ಕೆ ಬಂದದ್ದು, ತೆಗೆದುಹಾಕಿ. ಕಾಲ ಬೆರೆಸುವುದು ಇನ್ನೊಂದು ಸಾಮಾನ್ಯ ದೋಷ: ಕಥೆಯೊಳಗಿನ ಘಟನೆಗೆ ವರ್ತಮಾನ ("ಮುತ್ತು ಕಾಡಿಗೆ ಹೋಗುತ್ತಾನೆ"), ಚರಿತ್ರೆಗೆ ಭೂತಕಾಲ ("1971ರಲ್ಲಿ ನೀತಿ ಬಂತು"). ಇದನ್ನು ಮೊದಲಿಂದ ಕೊನೆಯವರೆಗೆ ಪಾಲಿಸಿ.

ಇನ್ನು ಶೀರ್ಷಿಕೆ. ಇಂಗ್ಲಿಷಿನಲ್ಲಿ "ಹಂಟಿಂಗ್" ಎಂದರೆ ಬೇಟೆ. ಮಣಿಯಂ ಬರೆದದ್ದು "ಹಾಂಟಿಂಗ್", ದೆವ್ವದಂತೆ ಬೆನ್ನುಬೀಳುವುದು. ಬೇಟೆಯ ನಿರೀಕ್ಷೆಯಲ್ಲಿದ್ದ ಓದುಗನಿಗೆ ಒಂದು ಸ್ವರ ಮಾತ್ರ ಬದಲಾಗಿ ಕೇಳುತ್ತದೆ. ಸಾಯುತ್ತಿರುವ ಮುದುಕ ಹುಲಿಯನ್ನು ಹಿಡಿಯಲಾರ, ಅದರ ಸುತ್ತ ಸುಳಿಯಬಲ್ಲ ಅಷ್ಟೆ. "ಹುಲಿಬೇಟೆ" ಎಂದು ಅನುವಾದಿಸಿದರೆ ಈ ಆಟ ಸತ್ತೇಹೋಗುತ್ತದೆ. "ಹುಲಿಯ ಭೂತ" ಎಂದರೆ ಯಾರು ಯಾರ ಬೆನ್ನು ಬಿದ್ದರು ಎಂಬುದು ಅದಲುಬದಲು. ಕನ್ನಡದ ಕೈಯಲ್ಲಿ ಒಂದು ಪದವಿದೆ: "ಕಾಡು". ನಾಮಪದವಾದರೆ ಹುಲಿ ಇರುವ ಜಾಗ, ಕ್ರಿಯಾಪದವಾದರೆ ಬಿಡದೆ ಬೆನ್ನು ಹತ್ತುವ ಕೆಲಸ. "ಹುಲಿಯ ಕಾಡಿದವನು" ಎಂದು ಬರೆದು ನೋಡಿ. ಎರಡನೆಯ ಪದದ ಮೊದಲ ಎರಡು ಅಕ್ಷರಗಳಲ್ಲಿ ಕಾಡು ಕಂಡು, ಮೂರನೆಯ ಅಕ್ಷರ ಬರುವಷ್ಟರಲ್ಲಿ ಅದು ಕಾಟವಾಗಿರುತ್ತದೆ.